ನಾಲಿಗೆಯ ಬಿಳಿ ಪೊರೆಗೆ ಮಣ್ಣಿನಲ್ಲಿ ಮದ್ದು ಹುಡುಕಿದ ಎಲಿಜಬೆತ್ ಹೇಜನ್

ಗಂಟಲಿನ ಸೋಂಕಿಗೋ ಹಲ್ಲಿನ ಕೀವಿಗೋ ವೈದ್ಯರು ಆ್ಯಂಟಿಬಯೋಟಿಕ್ ಬರೆದುಕೊಡುತ್ತಾರೆ. ಮೂರು ನಾಲ್ಕು ದಿನದಲ್ಲಿ ಜ್ವರ ಇಳಿಯುತ್ತದೆ, ನೋವೂ ಕಡಿಮೆಯಾಗುತ್ತದೆ. ಆದರೆ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಬಾಯಿ ತೆರೆದರೆ ನಾಲಿಗೆಯ ಮೇಲೆ ಬಿಳಿ ಪೊರೆ, ಕೆನ್ನೆಯ ಒಳಬದಿಯಲ್ಲಿ ಮೊಸರಿನ ಗಡ್ಡೆ ಅಂಟಿದಂಥ ಚುಕ್ಕೆಗಳು. ಊಟ ರುಚಿಸುವುದಿಲ್ಲ. ಸಾರಿನ ಖಾರಕ್ಕೂ ಬಾಯಿ ಉರಿಯುತ್ತದೆ.

ಇದಕ್ಕೆ ನಮ್ಮ ಮನೆಗಳಲ್ಲಿ ಸಿಗುವ ಮೊದಲ ವಿವರಣೆ, ಮಾತ್ರೆಯಿಂದ ದೇಹಕ್ಕೆ ಉಷ್ಣವಾಗಿದೆ ಎಂಬುದು. ಮಜ್ಜಿಗೆ, ಎಳನೀರು ಕುಡಿದರೆ ಸರಿಹೋಗುತ್ತದೆ ಎಂಬ ಸಲಹೆಯೂ ಅದರ ಹಿಂದೆಯೇ ಬರುತ್ತದೆ. ಕೆಲವರು ಹೆದರಿ ಅರ್ಧಕ್ಕೇ ಮಾತ್ರೆ ನಿಲ್ಲಿಸುತ್ತಾರೆ. ಇನ್ನು ಕೆಲವರು ಇದೂ ಒಂದು ಸೋಂಕೇ ಅಲ್ಲವೇ ಎಂದುಕೊಂಡು ಅದೇ ಆ್ಯಂಟಿಬಯೋಟಿಕ್ ಅನ್ನು ಇನ್ನಷ್ಟು ದಿನ ನುಂಗುತ್ತಾರೆ. ಈ ಎರಡೂ ದಾರಿಗಳು ತೊಂದರೆಯನ್ನು ಹೆಚ್ಚಿಸಬಲ್ಲವು.

ಹಾಗಾದರೆ ಆ ಬಿಳಿ ಪೊರೆ ಏನು? ಸೋಂಕು ವಾಸಿಮಾಡಲು ಕೊಟ್ಟ ಔಷಧದಿಂದಲೇ ಹೊಸ ಸೋಂಕು ಹುಟ್ಟಿಕೊಂಡದ್ದು ಹೇಗೆ? ಇದನ್ನು ಅರ್ಥಮಾಡಿಕೊಳ್ಳಲು ನಾವು ಒಬ್ಬ ವಿಜ್ಞಾನಿಯ ಬದುಕನ್ನು ನೋಡೋಣ. ಇಂದಿಗೂ ಈ ತೊಂದರೆಗೆ ವೈದ್ಯರು ಬರೆದುಕೊಡುವ ನಿಸ್ಟಾಟಿನ್ ಎಂಬ ಔಷಧವನ್ನು ಕಂಡುಹಿಡಿದ ಇಬ್ಬರು ಮಹಿಳೆಯರಲ್ಲಿ ಒಬ್ಬರು ಎಲಿಜಬೆತ್ ಲೀ ಹೇಜನ್.

ಹತ್ತಿ ಬೆಳೆಯುವ ಊರಿನಿಂದ ಪ್ರಯೋಗಾಲಯಕ್ಕೆ

ಹೇಜನ್ ಹುಟ್ಟಿದ್ದು 1885ರ ಆಗಸ್ಟ್ 24ರಂದು, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ರಿಚ್ ಎಂಬ ಸಣ್ಣ ಊರಿನಲ್ಲಿ. ತಂದೆ ತಾಯಿ ಹತ್ತಿ ಬೆಳೆಯುವ ರೈತರು. ಮಗುವಿಗೆ ಬುದ್ಧಿ ಬಲಿಯುವ ಮೊದಲೇ ಇಬ್ಬರೂ ತೀರಿಕೊಂಡರು. ಎಲಿಜಬೆತ್ ಮತ್ತು ಅವರ ಅಕ್ಕನನ್ನು ಹತ್ತಿರದ ಲೂಲಾ ಎಂಬ ಊರಿನಲ್ಲಿದ್ದ ಬಂಧುಗಳು ಸಾಕಿದರು.

ಆ ಕಾಲದಲ್ಲಿ ಅಮೆರಿಕದ ದಕ್ಷಿಣ ಭಾಗದ ಹಳ್ಳಿಯ ಹುಡುಗಿಯೊಬ್ಬಳು ಕಾಲೇಜು ಮೆಟ್ಟಿಲು ಹತ್ತುವುದು ಸುಲಭವಿರಲಿಲ್ಲ. ಮಿಸಿಸಿಪ್ಪಿಯಲ್ಲಿ ಹೆಣ್ಣುಮಕ್ಕಳಿಗೆಂದೇ ಸರ್ಕಾರ ನಡೆಸುತ್ತಿದ್ದ ಕಾಲೇಜೊಂದಿತ್ತು. ಹೇಜನ್ 1910ರಲ್ಲಿ ಅಲ್ಲಿಂದ ವಿಜ್ಞಾನ ಪದವಿ ಪಡೆದರು. ಮುಂದೆ ಜಾಕ್ಸನ್ ನಗರದ ಹೈಸ್ಕೂಲಿನಲ್ಲಿ ಪಾಠ ಹೇಳಿದರು. ಬೇಸಿಗೆ ರಜೆಗಳಲ್ಲಿ ಬೇರೆ ವಿಶ್ವವಿದ್ಯಾಲಯಗಳಿಗೆ ಹೋಗಿ ಓದು ಮುಂದುವರಿಸಿದರು. ಕೊನೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿ 1917ರಲ್ಲಿ ಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಅಷ್ಟರಲ್ಲಿ ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳಿದಿತ್ತು. ಹೇಜನ್ ಸೇನೆಯ ರೋಗಪತ್ತೆ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ ಪಶ್ಚಿಮ ವರ್ಜೀನಿಯಾದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲವು ವರ್ಷ ಕಳೆದು, ಮತ್ತೆ ಕೊಲಂಬಿಯಾಗೆ ಬಂದರು. ಹರಳು ಬೀಜದಲ್ಲಿರುವ ರಿಸಿನ್ ಎಂಬ ವಿಷವನ್ನು ದೇಹ ಹೇಗೆ ಎದುರಿಸುತ್ತದೆ ಎಂಬುದು ಅವರ ಸಂಶೋಧನೆಯ ವಿಷಯ. 1927ರಲ್ಲಿ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಡಾಕ್ಟರೇಟ್ ದೊರೆತಾಗ ಅವರ ವಯಸ್ಸು ನಲವತ್ತು ದಾಟಿತ್ತು. ಅವರ ಹೆಸರು ಉಳಿಯುವಂತೆ ಮಾಡಿದ ಕೆಲಸ ಶುರುವಾಗಲು ಅಲ್ಲಿಂದ ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು.

ರೋಗದ ಜಾಡು ಹಿಡಿಯುವ ಕೆಲಸ

1931ರಲ್ಲಿ ಹೇಜನ್ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಗೆ ಸೇರಿದರು. ಇಲಾಖೆಯ ಮುಖ್ಯ ಪ್ರಯೋಗಾಲಯ ರಾಜಧಾನಿ ಆಲ್ಬನಿಯಲ್ಲಿತ್ತು. ಹೇಜನ್ ಇದ್ದದ್ದು ನ್ಯೂಯಾರ್ಕ್ ನಗರದ ಶಾಖೆಯಲ್ಲಿ. ವೈದ್ಯರು ಕಳಿಸಿದ ರಕ್ತ, ಕಫ, ಕೀವಿನ ಮಾದರಿಗಳಲ್ಲಿ ಯಾವ ರೋಗಾಣು ಇದೆ ಎಂದು ಪತ್ತೆ ಹಚ್ಚುವುದು ಅಲ್ಲಿನ ದಿನನಿತ್ಯದ ಕೆಲಸ. ಇಂಥ ಸರ್ಕಾರಿ ಪ್ರಯೋಗಾಲಯಗಳ ಕೆಲಸ ಸುದ್ದಿಯಾಗುವುದು ಕಡಿಮೆ. ಆದರೆ ಒಂದು ಊರಿನಲ್ಲಿ ರೋಗ ಹರಡುವುದು ನಿಲ್ಲುವುದೋ ಇಲ್ಲವೋ ಎಂಬುದು ಎಷ್ಟೋ ಸಲ ಅಲ್ಲಿಯೇ ತೀರ್ಮಾನವಾಗುತ್ತದೆ.

ಹೇಜನ್ ಈ ಪತ್ತೆದಾರಿಕೆಯಲ್ಲಿ ಪಳಗಿದ್ದರು. ಆಂಥ್ರಾಕ್ಸ್ ಪ್ರಕರಣಗಳ ಜಾಡು ಹಿಡಿದು ಹೋಗಿ, ಅದರ ಮೂಲ ಬ್ರಷ್ ತಯಾರಿಸುವ ಕಾರ್ಖಾನೆಯೊಂದರಲ್ಲಿದೆ ಎಂದು ತೋರಿಸಿದರು. ಹೊರದೇಶದಿಂದ ಬಂದ, ಕೆಟ್ಟುಹೋದ ಡಬ್ಬಿ ಮೀನು ತಿಂದು ಜನ ಸತ್ತಾಗ, ಅದಕ್ಕೆ ಬಾಟ್ಯುಲಿಸಂ ರೋಗಾಣುವಿನ ಇ ಬಗೆಯ ವಿಷ ಕಾರಣ ಎಂದು ಗುರುತಿಸಿದರು. ಉತ್ತರ ಅಮೆರಿಕದಲ್ಲಿ ಅಂಥ ವಿಷವನ್ನು ಗುರುತಿಸಿದ ಮೊದಲಿಗರಲ್ಲಿ ಅವರೂ ಒಬ್ಬರು.

1944ರಲ್ಲಿ ಇಲಾಖೆ ಅವರಿಗೆ ಬೇರೆಯದೇ ಕೆಲಸ ವಹಿಸಿತು. ಅದು ಶಿಲೀಂಧ್ರಗಳಿಂದ, ಅಂದರೆ ಬೂಷ್ಟು ಮತ್ತು ಯೀಸ್ಟ್ ಜಾತಿಯ ಜೀವಿಗಳಿಂದ ಬರುವ ರೋಗಗಳ ಅಧ್ಯಯನ. ಆಗ ಅವರಿಗೆ 59ನೇ ವರ್ಷ ನಡೆಯುತ್ತಿತ್ತು. ಹೆಚ್ಚಿನವರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಹೇಜನ್ ಮತ್ತೆ ವಿದ್ಯಾರ್ಥಿನಿಯಾದರು. ಕೊಲಂಬಿಯಾದಲ್ಲಿ ಶಿಲೀಂಧ್ರಶಾಸ್ತ್ರ ಕಲಿಸುತ್ತಿದ್ದ ರೋಡಾ ಬೆನ್‌ಹ್ಯಾಮ್ ಅವರ ಪ್ರಯೋಗಾಲಯದಲ್ಲಿ ತರಬೇತಿ ಪಡೆದರು. ವೈದ್ಯರಿಂದ ಬರುವ ಮಾದರಿಗಳಲ್ಲಿ ಸಿಕ್ಕ ರೋಗಕಾರಕ ಶಿಲೀಂಧ್ರಗಳನ್ನು ಒಂದೊಂದಾಗಿ ಬೆಳೆಸಿ, ಗುರುತಿಸಿ, ಒಂದು ಸಂಗ್ರಹವನ್ನೇ ಕಟ್ಟಿದರು.

ಬ್ಯಾಕ್ಟೀರಿಯಾ ಖಾಲಿ ಮಾಡಿದ ಜಾಗ

ಇಲಾಖೆಗೆ ಶಿಲೀಂಧ್ರಗಳ ಚಿಂತೆ ಹತ್ತಿದ್ದೇಕೆ? ಅದು ಆ್ಯಂಟಿಬಯೋಟಿಕ್‌ಗಳ ಯುಗ ಆರಂಭವಾದ ಕಾಲ. ಪೆನ್ಸಿಲಿನ್ ಬಂದಿತ್ತು, 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. 1948ರಲ್ಲಿ ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧವಾದ ಆರಿಯೋಮೈಸಿನ್ ಹೊರಬಂತು. ಅದನ್ನು ಮಣ್ಣಿನ ಜೀವಿಯೊಂದರಲ್ಲಿ ಕಂಡವರು ಬೆಂಜಮಿನ್ ಡಗರ್. ಅವರು ಕೆಲಸ ಮಾಡುತ್ತಿದ್ದ ಲೆಡರ್ಲೆ ಕಂಪನಿಯ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಅದುವರೆಗೆ ಸಾವು ಖಚಿತ ಎನಿಸಿದ್ದ ಎಷ್ಟೋ ಸೋಂಕುಗಳು ಈ ಔಷಧಗಳಿಂದ ಕೆಲವೇ ದಿನಗಳಲ್ಲಿ ವಾಸಿಯಾಗತೊಡಗಿದವು.

ಆದರೆ ಔಷಧದ ಬಳಕೆ ಹೆಚ್ಚಿದಂತೆ ವೈದ್ಯರು ಇನ್ನೊಂದನ್ನೂ ಕಂಡರು. ಬ್ಯಾಕ್ಟೀರಿಯಾ ಸೋಂಕಿನಿಂದ ಚೇತರಿಸಿಕೊಳ್ಳುತ್ತಿದ್ದ ಕೆಲವು ರೋಗಿಗಳ ಬಾಯಿ, ಗಂಟಲು, ಕರುಳು, ಯೋನಿಯಲ್ಲಿ ಶಿಲೀಂಧ್ರದ ಸೋಂಕು ಕಾಣಿಸಿಕೊಳ್ಳುತ್ತಿತ್ತು. ಬಾಯಿಯಲ್ಲಿ ಕಾಣುವ ಈ ಬಿಳಿ ಸೋಂಕಿಗೆ ಓರಲ್ ಥ್ರಷ್ ಎಂದು ಹೆಸರು.

ಥ್ರಷ್ ಹೊಸ ರೋಗವಲ್ಲ. ಹಸುಗೂಸುಗಳ ಮತ್ತು ತೀರಾ ಬಳಲಿದವರ ಬಾಯಿಯಲ್ಲಿ ಅದು ಕಾಣುವುದನ್ನು ಪ್ರಾಚೀನ ಗ್ರೀಕ್ ವೈದ್ಯರೂ ಗಮನಿಸಿದ್ದರು. ಅದಕ್ಕೆ ಯೀಸ್ಟ್ ಜಾತಿಯ ಒಂದು ಶಿಲೀಂಧ್ರ ಕಾರಣ ಎಂಬುದು 19ನೇ ಶತಮಾನದಲ್ಲಿ ತಿಳಿಯಿತು. ಅದರ ಇಂದಿನ ಹೆಸರು ಕ್ಯಾಂಡಿಡಾ ಆಲ್ಬಿಕನ್ಸ್. ಲ್ಯಾಟಿನ್ ಮೂಲದ ಈ ಎರಡೂ ಪದಗಳು ಬಿಳಿ ಬಣ್ಣವನ್ನೇ ಸೂಚಿಸುತ್ತವೆ.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ಸಂಗತಿ ಏನೆಂದರೆ, ಕ್ಯಾಂಡಿಡಾ ಸಾಮಾನ್ಯವಾಗಿ ಹೊರಗಿನಿಂದ ಹೊಸದಾಗಿ ಬರುವ ಶತ್ರುವಲ್ಲ. ಆರೋಗ್ಯವಂತರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನರ ಬಾಯಿಯಲ್ಲಿ ಅದು ಸದ್ದಿಲ್ಲದೆ ವಾಸವಾಗಿರುತ್ತದೆ. ಅದೇ ಬಾಯಿಯಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಾಗಳೂ ಇವೆ. ಅವು ಜಾಗ ಹಿಡಿದಿರುತ್ತವೆ, ಆಹಾರ ತಿನ್ನುತ್ತಿರುತ್ತವೆ. ಹೀಗಾಗಿ ಕ್ಯಾಂಡಿಡಾಗೆ ಹರಡಿಕೊಳ್ಳಲು ಅವಕಾಶ ಸಿಗುವುದಿಲ್ಲ. ಜೊಲ್ಲು ಮತ್ತು ನಮ್ಮ ರೋಗನಿರೋಧಕ ಶಕ್ತಿಯೂ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ.

ಆ್ಯಂಟಿಬಯೋಟಿಕ್ ನುಂಗಿದಾಗ ಗಂಟಲಿನ ಕೆಟ್ಟ ಬ್ಯಾಕ್ಟೀರಿಯಾಗಳ ಜೊತೆಗೆ ಬಾಯಿಯ ನಿರುಪದ್ರವಿ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಶಿಲೀಂಧ್ರಕ್ಕೆ ಮಾತ್ರ ಏನೂ ಆಗುವುದಿಲ್ಲ. ಪೆನ್ಸಿಲಿನ್ ಗುಂಪಿನ ಔಷಧಗಳು ಬ್ಯಾಕ್ಟೀರಿಯಾದ ಕೋಶಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತವೆ. ಕ್ಯಾಂಡಿಡಾಗೂ ಕೋಶಗೋಡೆ ಇದೆ, ಆದರೆ ಅದು ಬೇರೆಯೇ ವಸ್ತುವಿನಿಂದ ಆಗಿದೆ. ಟೆಟ್ರಾಸೈಕ್ಲಿನ್ ಗುಂಪಿನವು ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತವೆ. ಆ ಯಂತ್ರವೂ ಶಿಲೀಂಧ್ರದಲ್ಲಿ ಬೇರೆ ಥರದ್ದು. ಹೊಲದಲ್ಲಿ ಬೆಳೆಯನ್ನೆಲ್ಲ ಕಿತ್ತು ಒಂದು ಕಳೆಯನ್ನು ಮಾತ್ರ ಬಿಟ್ಟರೆ ಏನಾಗುತ್ತದೆ? ಬಾಯಿಯಲ್ಲಿ ಆಗುವುದೂ ಅದೇ. ಬಿಳಿ ಪೊರೆ ಮಾತ್ರೆಯ ಉಷ್ಣದಿಂದ ಬಂದದ್ದಲ್ಲ. ಬ್ಯಾಕ್ಟೀರಿಯಾಗಳು ಖಾಲಿ ಮಾಡಿದ ಜಾಗದಲ್ಲಿ ಹಳೆಯ ಬಾಡಿಗೆದಾರನೇ ಕೈಕಾಲು ಚಾಚಿದ್ದಾನೆ, ಅಷ್ಟೆ.

1940ರ ದಶಕದ ಕೊನೆಯಲ್ಲಿ ಇದಕ್ಕೆ ಒಳ್ಳೆಯ ಔಷಧ ಇರಲಿಲ್ಲ. ಬಾಯಿಗೆ ಜೆನ್ಷನ್ ವಯೊಲೆಟ್ ಎಂಬ ನೇರಳೆ ಬಣ್ಣ ಬಳಿಯುತ್ತಿದ್ದರು. ಶಿಲೀಂಧ್ರ ದೇಹದೊಳಗೆ ಇಳಿದರೆ ವೈದ್ಯರ ಕೈ ಬಹುಮಟ್ಟಿಗೆ ಖಾಲಿ. ಶಿಲೀಂಧ್ರವನ್ನು ಕೊಂದು ಮನುಷ್ಯನನ್ನು ಉಳಿಸುವ ಔಷಧ ಬೇಕಿತ್ತು. ಕಷ್ಟ ಇದ್ದದ್ದು ಅಲ್ಲಿಯೇ. ಬ್ಯಾಕ್ಟೀರಿಯಾಕ್ಕೂ ನಮಗೂ ಜೀವಕೋಶದ ರಚನೆಯಲ್ಲಿ ಅಜಗಜಾಂತರ. ಶಿಲೀಂಧ್ರದ ಜೀವಕೋಶ ನಮ್ಮದಕ್ಕೆ ಹೆಚ್ಚು ಹತ್ತಿರ. ಅದಕ್ಕೆ ವಿಷವಾದದ್ದು ಬಹುಪಾಲು ನಮಗೂ ವಿಷವೇ.

ಅಂಚೆಯಲ್ಲಿ ಓಡಾಡಿದ ಗಾಜಿನ ಜಾಡಿಗಳು

ಸ್ಟ್ರೆಪ್ಟೊಮೈಸಿನ್, ಆರಿಯೋಮೈಸಿನ್ ಎರಡೂ ಸಿಕ್ಕಿದ್ದು ಮಣ್ಣಿನ ಜೀವಿಗಳಿಂದ. ಆಕ್ಟಿನೊಮೈಸೀಟ್ ಎಂಬ ಈ ಗುಂಪಿನ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿ ತಮ್ಮ ನೆರೆಹೊರೆಯವರನ್ನು ದೂರವಿಡಲು ನಾನಾ ರಾಸಾಯನಿಕಗಳನ್ನು ತಯಾರಿಸುತ್ತವೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೂ ಬಹುಪಾಲು ಇವೇ ಕಾರಣ. ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ಮಣ್ಣಿನಲ್ಲಿ ಸಿಕ್ಕಿದೆ ಎಂದಮೇಲೆ ಶಿಲೀಂಧ್ರ ಕೊಲ್ಲುವುದೂ ಅಲ್ಲಿ ಸಿಗಬಹುದು ಎಂದು ಹೇಜನ್ ಲೆಕ್ಕ ಹಾಕಿದರು.

ಹುಡುಕಾಟಕ್ಕೆ ಒಬ್ಬ ರಸಾಯನಶಾಸ್ತ್ರಜ್ಞರು ಬೇಕಿದ್ದರು. ಪ್ರಯೋಗಾಲಯದ ನಿರ್ದೇಶಕರಾಗಿದ್ದ ಗಿಲ್ಬರ್ಟ್ ಡಾಲ್ಡಾರ್ಫ್ 1948ರಲ್ಲಿ ಅವರನ್ನು ಆಲ್ಬನಿ ಪ್ರಯೋಗಾಲಯದ ರೇಚಲ್ ಫುಲರ್ ಬ್ರೌನ್ ಅವರ ಜೊತೆ ಸೇರಿಸಿದರು. ಬ್ರೌನ್ ಹೇಜನ್‌ಗಿಂತ ಹದಿಮೂರು ವರ್ಷ ಚಿಕ್ಕವರು. ತಂದೆ ಮನೆ ಬಿಟ್ಟುಹೋದ ಮೇಲೆ ಕಷ್ಟದಲ್ಲಿ ಬೆಳೆದವರು. ಅಜ್ಜಿಯ ಸ್ನೇಹಿತೆಯೊಬ್ಬರು ಫೀಸು ಕಟ್ಟಿದ್ದರಿಂದ ಕಾಲೇಜು ಓದಿದವರು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಪ್ರಬಂಧ ಸಿದ್ಧವಾಗಿದ್ದರೂ ಅಂತಿಮ ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇತ್ತು. ಕೈಯಲ್ಲಿ ಹಣ ಮುಗಿದು ಕೆಲಸಕ್ಕೆ ಸೇರಬೇಕಾಯಿತು. ಡಾಕ್ಟರೇಟ್ ಕೈಗೆ ಬಂದದ್ದು ಅದಾಗಿ ಏಳು ವರ್ಷಗಳ ಮೇಲೆ.

ಇಬ್ಬರ ನಡುವೆ ಸುಮಾರು 240 ಕಿಲೋಮೀಟರ್ ದೂರ. ಅದನ್ನು ದಾಟಿಸಿದ್ದು ಅಂಚೆ ಇಲಾಖೆ. ಹೇಜನ್ ನ್ಯೂಯಾರ್ಕಿನಲ್ಲಿ ಬೇರೆಬೇರೆ ಕಡೆಯ ಮಣ್ಣಿನ ಮಾದರಿಗಳಿಂದ ಆಕ್ಟಿನೊಮೈಸೀಟ್‌ಗಳನ್ನು ಬೇರ್ಪಡಿಸಿ ಬೆಳೆಸುತ್ತಿದ್ದರು. ಪ್ರತಿಯೊಂದನ್ನೂ ಎರಡು ಶಿಲೀಂಧ್ರಗಳ ಎದುರು ಪರೀಕ್ಷಿಸುತ್ತಿದ್ದರು. ಒಂದು, ಥ್ರಷ್ ತರುವ ಕ್ಯಾಂಡಿಡಾ. ಇನ್ನೊಂದು, ಶ್ವಾಸಕೋಶ ಮತ್ತು ಮಿದುಳನ್ನು ಕಾಡುವ ಕ್ರಿಪ್ಟೊಕಾಕಸ್. ಭರವಸೆ ತೋರಿದ ಮಾದರಿಯನ್ನು, ಉಪ್ಪಿನಕಾಯಿ ಹಾಕಿಡುವಂಥ ಗಾಜಿನ ಜಾಡಿಯಲ್ಲಿ ತುಂಬಿ ಆಲ್ಬನಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಬ್ರೌನ್ ಅದರಲ್ಲಿ ಶಿಲೀಂಧ್ರ ಕೊಲ್ಲುವ ವಸ್ತು ಯಾವುದೆಂದು ಹುಡುಕಿ, ಬೇರ್ಪಡಿಸಿ, ಮತ್ತೆ ಅಂಚೆಯಲ್ಲೇ ಹಿಂದಕ್ಕೆ ಕಳಿಸುತ್ತಿದ್ದರು. ಹೇಜನ್ ಅದನ್ನು ಪುನಃ ಶಿಲೀಂಧ್ರಗಳ ಮೇಲೆ ಪರೀಕ್ಷಿಸಿ, ನಂತರ ಪ್ರಾಣಿಗಳ ಮೇಲೆ ನೋಡುತ್ತಿದ್ದರು.

ಹೆಚ್ಚಿನ ಜಾಡಿಗಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಗಾಜಿನ ನಳಿಕೆಯಲ್ಲಿ ಶಿಲೀಂಧ್ರವನ್ನು ಕೊಂದ ವಸ್ತು ಪ್ರಾಣಿಯನ್ನೂ ಕೊಲ್ಲುತ್ತಿತ್ತು. ನೂರಾರು ಮಾದರಿಗಳು ಹೀಗೆ ಬಂದು ಹೋದವು.

ಕೊನೆಗೆ ದಾರಿ ತೋರಿಸಿದ್ದು ವರ್ಜೀನಿಯಾ ರಾಜ್ಯದ ಒಂದು ತೋಟದ ಮಣ್ಣು. ಹೇಜನ್ ರಜೆಯಲ್ಲಿ ನೋರ್ಸ್ ಎಂಬ ಸ್ನೇಹಿತರ ತೋಟಕ್ಕೆ ಹೋಗಿದ್ದಾಗ ತಂದ ಮಾದರಿ ಅದು. ಅದರಲ್ಲಿದ್ದ ಜೀವಿ ಎರಡು ಶಿಲೀಂಧ್ರನಾಶಕಗಳನ್ನು ತಯಾರಿಸುತ್ತಿತ್ತು. ಒಂದು ಪ್ರಾಣಿಗಳಿಗೆ ತೀರಾ ವಿಷವಾಗಿತ್ತು. ಇನ್ನೊಂದನ್ನು ಬ್ರೌನ್ ಸಣ್ಣ ಹರಳುಗಳ ರೂಪದಲ್ಲಿ ಶುದ್ಧಮಾಡಿದರು. ಅದು ಶಿಲೀಂಧ್ರವನ್ನು ಕೊಂದಿತು, ಪ್ರಾಣಿಯನ್ನು ಉಳಿಸಿತು. ಹೇಜನ್ ಆ ಜೀವಿಗೆ ತೋಟದ ಮಾಲೀಕರ ನೆನಪಿಗೆ ಸ್ಟ್ರೆಪ್ಟೊಮೈಸಿಸ್ ನೋರ್ಸಿ ಎಂದು ಹೆಸರಿಟ್ಟರು.

1950ರಲ್ಲಿ ಇಬ್ಬರೂ ತಮ್ಮ ಶೋಧವನ್ನು ವಿಜ್ಞಾನಿಗಳ ಮುಂದಿಟ್ಟರು. ಹೇಜನ್‌ಗೆ ಆಗ 65 ವರ್ಷ. ಔಷಧಕ್ಕೆ ಮೊದಲು ಇಟ್ಟ ಹೆಸರು ಫಂಜಿಸಿಡಿನ್. ಆ ಹೆಸರು ಬೇರೊಂದಕ್ಕೆ ಆಗಲೇ ಬಳಕೆಯಲ್ಲಿದ್ದುದರಿಂದ, ತಮ್ಮ ಸಂಬಳ ಕೊಡುತ್ತಿದ್ದ ನ್ಯೂಯಾರ್ಕ್ ಸ್ಟೇಟ್‌ನ ಹೆಸರನ್ನೇ ಚಿಕ್ಕದು ಮಾಡಿ ನಿಸ್ಟಾಟಿನ್ ಎಂದು ಕರೆದರು. ಸ್ಕ್ವಿಬ್ ಕಂಪನಿ ತಯಾರಿಕೆಯ ಹಕ್ಕು ಪಡೆದು, 1954ರಲ್ಲಿ ಮೈಕೋಸ್ಟಾಟಿನ್ ಎಂಬ ಹೆಸರಿನಲ್ಲಿ ಮಾತ್ರೆಗಳನ್ನು ಮಾರುಕಟ್ಟೆಗೆ ತಂದಿತು. ಮನುಷ್ಯರಿಗೆ ಸುರಕ್ಷಿತವಾಗಿ ಕೊಡಬಹುದಾದ, ಪರಿಣಾಮಕಾರಿಯಾದ ಮೊದಲ ಶಿಲೀಂಧ್ರನಾಶಕ ಆ್ಯಂಟಿಬಯೋಟಿಕ್ ಅದು. ಮುಂದೆ ಟೆಟ್ರಾಸೈಕ್ಲಿನ್ ಮತ್ತು ನಿಸ್ಟಾಟಿನ್ ಎರಡನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿಯೂ ಮಾರಿದರು. ಒಂದು ಔಷಧದ ಅಡ್ಡಪರಿಣಾಮಕ್ಕೆ ಇನ್ನೊಂದು ಔಷಧವನ್ನು ಜೊತೆಗೇ ಕೊಡುವ ಆ ಪದ್ಧತಿ ಇಂದು ಮಾಮೂಲಿಯಲ್ಲ. ಆ್ಯಂಟಿಬಯೋಟಿಕ್ ತೆಗೆದುಕೊಂಡ ಎಲ್ಲರಿಗೂ ಥ್ರಷ್ ಬರುವುದಿಲ್ಲ, ಹಾಗಾಗಿ ಎಲ್ಲರಿಗೂ ಅದು ಬೇಕಿಲ್ಲ.

ನಿಸ್ಟಾಟಿನ್ ಕೆಲಸ ಮಾಡುವುದು ಹೇಗೆ?

ಪ್ರತಿ ಜೀವಕೋಶಕ್ಕೂ ಎಣ್ಣೆಯಂಶದ ತೆಳು ಪೊರೆ ಇರುತ್ತದೆ. ಈ ಪೊರೆ ಗಟ್ಟಿಯಾಗಿರಲು ನಮ್ಮ ಜೀವಕೋಶಗಳು ಕೊಲೆಸ್ಟರಾಲ್ ಬಳಸಿದರೆ, ಶಿಲೀಂಧ್ರಗಳು ಎರ್ಗೋಸ್ಟೆರಾಲ್ ಎಂಬ ಸೋದರ ವಸ್ತುವನ್ನು ಬಳಸುತ್ತವೆ. ನಿಸ್ಟಾಟಿನ್ ಎರ್ಗೋಸ್ಟೆರಾಲ್‌ಗೆ ಹೋಗಿ ಅಂಟಿಕೊಂಡು ಶಿಲೀಂಧ್ರದ ಪೊರೆಯನ್ನು ಕೆಡಿಸುತ್ತದೆ. ತೂತು ಬಿದ್ದ ಕೊಡದಂತೆ ಒಳಗಿನ ಪೊಟ್ಯಾಸಿಯಂ ಮುಂತಾದವು ಸೋರಿಹೋಗಿ ಶಿಲೀಂಧ್ರ ಸಾಯುತ್ತದೆ. ಬ್ಯಾಕ್ಟೀರಿಯಾಗಳ ಪೊರೆಯಲ್ಲಿ ಎರ್ಗೋಸ್ಟೆರಾಲ್ ಇಲ್ಲ. ಆದ್ದರಿಂದ ಬಾಯಿಯ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ನಿಸ್ಟಾಟಿನ್ ತೊಂದರೆ ಕೊಡುವುದಿಲ್ಲ. ಅವು ಮತ್ತೆ ಬೆಳೆದು ತಮ್ಮ ಜಾಗ ಹಿಡಿಯಬಹುದು.

ಇನ್ನೊಂದು ವಿಶೇಷವೂ ಇದೆ. ನಿಸ್ಟಾಟಿನ್ ನುಂಗಿದರೂ ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲ ಎನ್ನುವಷ್ಟು ಕಡಿಮೆ. ಬಾಯಿ ಮತ್ತು ಕರುಳಿನ ಮೇಲ್ಮೈಯಲ್ಲೇ ಕೆಲಸ ಮುಗಿಸಿ ಹೊರಹೋಗುತ್ತದೆ. ಅದಕ್ಕೇ ಅದು ಸುರಕ್ಷಿತ. ಅದರ ಮಿತಿಯೂ ಅದೇ. ರಕ್ತಕ್ಕೆ ಇಳಿದ ಶಿಲೀಂಧ್ರವನ್ನು ಅದು ತಲುಪಲಾರದು, ಚುಚ್ಚುಮದ್ದಾಗಿ ಕೊಟ್ಟರೆ ವಿಷವಾಗುತ್ತದೆ. ಆ ಕೆಲಸಕ್ಕೆ ಮುಂದೆ ಬೇರೆ ಔಷಧಗಳು ಬಂದವು.

ಔಷಧದ ಉಪಯೋಗ ಆಸ್ಪತ್ರೆಯಲ್ಲೇ ನಿಲ್ಲಲಿಲ್ಲ. 1966ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಪ್ರವಾಹ ಬಂದು ಶತಮಾನಗಳ ಹಳೆಯ ಕಲಾಕೃತಿಗಳಿಗೆ ಬೂಷ್ಟು ಹಿಡಿದಾಗ, ಅವನ್ನು ಉಳಿಸಲೂ ನಿಸ್ಟಾಟಿನ್ ಬಳಸಿದರು.

ಕೋಟಿ ಡಾಲರ್ ಬಂದರೂ ಮನೆಗೆ ಒಯ್ಯಲಿಲ್ಲ

ನಿಸ್ಟಾಟಿನ್‌ಗೆ 1957ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ಅವಧಿ ಮುಗಿಯುವವರೆಗೆ ಬಂದ ಗೌರವಧನ 1.3 ಕೋಟಿ ಡಾಲರ್‌ಗೂ ಹೆಚ್ಚು. ಅಂದಿನ ಕಾಲಕ್ಕೆ ಅದು ಅಪಾರ ಮೊತ್ತ. ಹೇಜನ್ ಆಗಲಿ ಬ್ರೌನ್ ಆಗಲಿ ಅದರಲ್ಲಿ ಒಂದು ಪಾಲನ್ನೂ ತಮಗಾಗಿ ಇಟ್ಟುಕೊಳ್ಳಲಿಲ್ಲ. ಪೇಟೆಂಟ್ ಹಕ್ಕನ್ನು ರಿಸರ್ಚ್ ಕಾರ್ಪೊರೇಷನ್ ಎಂಬ ಲಾಭರಹಿತ ಸಂಸ್ಥೆಗೆ ವಹಿಸಿದರು. ಹಣದ ಅರ್ಧ ಆ ಸಂಸ್ಥೆಯ ಸಂಶೋಧನಾ ನೆರವಿಗೆ ಹೋಯಿತು. ಉಳಿದರ್ಧ ಬ್ರೌನ್-ಹೇಜನ್ ನಿಧಿಯಾಗಿ, ಜೀವವಿಜ್ಞಾನದ ಸಂಶೋಧನೆಗೂ ಶಿಲೀಂಧ್ರರೋಗಗಳನ್ನು ಅಧ್ಯಯನ ಮಾಡುವವರ ತರಬೇತಿಗೂ ಬಳಕೆಯಾಯಿತು. ವೈದ್ಯರು ಹೆಚ್ಚು ಗಮನ ಕೊಡದಿದ್ದ ಒಂದು ಶಾಸ್ತ್ರಕ್ಕೆ ಆ ನಿಧಿ ಎರಡು ದಶಕಗಳ ಕಾಲ ಆಸರೆಯಾಗಿತ್ತು.

ಸಂಬಳದಲ್ಲೇ ಬದುಕಿದ ಇಬ್ಬರೂ ಜೊತೆಯಾಗಿ ಕೆಲಸ ಮುಂದುವರಿಸಿದರು. ಫಲಮೈಸಿನ್, ಕೆಪಾಸಿಡಿನ್ ಎಂಬ ಇನ್ನೆರಡು ವಸ್ತುಗಳನ್ನು ಕಂಡುಹಿಡಿದರು. ಅವು ನಿಸ್ಟಾಟಿನ್‌ನಂತೆ ಹೆಸರಾಗಲಿಲ್ಲ. 1954ರಲ್ಲಿ ನ್ಯೂಯಾರ್ಕ್ ನಗರದ ಶಾಖೆ ಮುಚ್ಚಿದಾಗ ಹೇಜನ್ ಆಲ್ಬನಿಗೆ ಬಂದರು. ಅಲ್ಲಿಗೆ ಜಾಡಿಗಳ ಅಂಚೆ ಪ್ರಯಾಣವೂ ನಿಂತಿತು. ರೋಗ ತರುವ ಶಿಲೀಂಧ್ರಗಳನ್ನು ಸುಲಭವಾಗಿ ಗುರುತಿಸುವುದು ಹೇಗೆ ಎಂದು ತಿಳಿಸುವ ಕೈಪಿಡಿಯೊಂದನ್ನು 1955ರಲ್ಲಿ ಸಹೋದ್ಯೋಗಿಯ ಜೊತೆ ಸೇರಿ ಪ್ರಕಟಿಸಿದರು. 1960ರಲ್ಲಿ, 75ನೇ ವಯಸ್ಸಿನಲ್ಲಿ ನಿವೃತ್ತರಾದರು. ಆಮೇಲೂ ಕೊಲಂಬಿಯಾದ ಶಿಲೀಂಧ್ರಶಾಸ್ತ್ರ ಪ್ರಯೋಗಾಲಯಕ್ಕೆ ಅತಿಥಿ ಸಂಶೋಧಕಿಯಾಗಿ ಹೋಗುವುದನ್ನು ಬಿಡಲಿಲ್ಲ.

ಹೇಜನ್ ಪ್ರಚಾರದಿಂದ ದೂರವಿದ್ದವರು. 1975ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರ ಸಂಸ್ಥೆಯೊಂದು ತನ್ನ ಕೆಮಿಕಲ್ ಪಯೊನೀರ್ ಪ್ರಶಸ್ತಿಯನ್ನು ಅವರಿಗೂ ಬ್ರೌನ್‌ಗೂ ಕೊಟ್ಟಿತು. ಆ ಪ್ರಶಸ್ತಿ ಮಹಿಳೆಯರಿಗೆ ಸಂದದ್ದು ಅದೇ ಮೊದಲು. ಅದೇ ವರ್ಷ ಜೂನ್ 24ರಂದು, ಕಾಯಿಲೆಯಲ್ಲಿದ್ದ ಅಕ್ಕನ ಬಳಿ ಇರಲು ಹೋಗಿದ್ದ ಸಿಯಾಟಲ್‌ನಲ್ಲಿ ಹೇಜನ್ ತೀರಿಕೊಂಡರು. ಬ್ರೌನ್ 1980ರಲ್ಲಿ ನಿಧನರಾದರು. 1994ರಲ್ಲಿ ಇಬ್ಬರ ಹೆಸರೂ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಗೆ ಸೇರಿದವು.

ನಾಲಿಗೆ ಬೆಳ್ಳಗಾದರೆ ನಾವೇನು ಮಾಡಬೇಕು?

ಮೊದಲಿಗೆ, ಬಿಳಿ ನಾಲಿಗೆಯೆಲ್ಲ ಥ್ರಷ್ ಅಲ್ಲ. ಜ್ವರ ಬಂದು ನೀರು ಕಡಿಮೆ ಕುಡಿದಾಗ, ಸರಿಯಾಗಿ ಊಟ ಮಾಡದಾಗ, ಬಾಯಿ ತೆರೆದು ಮಲಗಿದಾಗ ನಾಲಿಗೆಯ ಮೇಲಿನ ಸಣ್ಣ ಮುಳ್ಳುಗಳಂಥ ಭಾಗಗಳ ನಡುವೆ ಸತ್ತ ಕೋಶಗಳೂ ಆಹಾರದ ಕಣಗಳೂ ಸೇರಿ ತೆಳುವಾದ ಬಿಳಿ ಲೇಪ ಕಾಣುತ್ತದೆ. ಅದರಲ್ಲಿ ಉರಿ ಇರುವುದಿಲ್ಲ. ನೀರು ಕುಡಿದು, ನಾಲಿಗೆಯನ್ನು ಮೆತ್ತಗೆ ಶುಚಿ ಮಾಡಿಕೊಂಡರೆ ಕೆಲವು ದಿನಗಳಲ್ಲಿ ಹೋಗುತ್ತದೆ.

ಥ್ರಷ್‌ನ ಬಿಳಿ ಮಚ್ಚೆಗಳು ಮೊಸರಿನಂತೆ ದಪ್ಪಗಿದ್ದು, ಕೆನ್ನೆಯ ಒಳಭಾಗ, ಅಂಗಳ, ಗಂಟಲಿನಲ್ಲೂ ಕಾಣುತ್ತವೆ. ಒರೆಸಿದರೆ ಸಾಮಾನ್ಯವಾಗಿ ಎದ್ದುಬರುತ್ತವೆ, ಕೆಳಗೆ ಕೆಂಪಗಿನ ಜಾಗ ಕಾಣುತ್ತದೆ. ಕೆಲವೊಮ್ಮೆ ಸ್ವಲ್ಪ ರಕ್ತವೂ ಬರಬಹುದು. ಉರಿ, ರುಚಿ ಕೆಡುವುದು, ಬಾಯಿಯ ಅಂಚು ಬಿರಿಯುವುದು ಇದರ ಇತರ ಲಕ್ಷಣಗಳು. ಮಗುವಿನ ನಾಲಿಗೆಯ ಮೇಲಿನ ಹಾಲಿನ ಲೇಪ ಒದ್ದೆ ಬಟ್ಟೆಗೆ ಸುಲಭವಾಗಿ ಹೋಗುತ್ತದೆ. ಹೋಗದಿದ್ದರೆ, ಮಗು ಹಾಲು ಕುಡಿಯಲು ಅಳುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.

ಥ್ರಷ್ ಅನುಮಾನ ಬಂದರೆ ಈ ವಿಷಯಗಳು ನೆನಪಿರಲಿ:

• ಆ್ಯಂಟಿಬಯೋಟಿಕ್ ಅನ್ನು ನಾವಾಗಿಯೇ ನಿಲ್ಲಿಸಬಾರದು, ಹೆಚ್ಚು ದಿನ ಮುಂದುವರಿಸಲೂಬಾರದು. ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ಶಿಲೀಂಧ್ರಕ್ಕೆ ಆ್ಯಂಟಿಬಯೋಟಿಕ್ ಮದ್ದಲ್ಲ.

• ಪೊರೆಯನ್ನು ಟಂಗ್ ಕ್ಲೀನರಿನಿಂದ ಗಟ್ಟಿಯಾಗಿ ಕೆರೆಯಬಾರದು. ಗಾಯವಾಗುತ್ತದೆಯೇ ಹೊರತು ಶಿಲೀಂಧ್ರ ಹೋಗುವುದಿಲ್ಲ.

• ವೈದ್ಯರು ಸಾಮಾನ್ಯವಾಗಿ ನಿಸ್ಟಾಟಿನ್ ದ್ರವ ಅಥವಾ ಬಾಯಿಗೆ ಹಚ್ಚುವ ಕ್ಲೋಟ್ರಿಮಜೋಲ್ ಕೊಡುತ್ತಾರೆ. ಇವು ತಾಗಿದ ಜಾಗದಲ್ಲಷ್ಟೇ ಕೆಲಸ ಮಾಡುವುದರಿಂದ ಬಾಯಿಯಲ್ಲಿ ಸಾಧ್ಯವಾದಷ್ಟು ಹೊತ್ತು ಇರಬೇಕು. ಹಾಕಿದ ಕೂಡಲೇ ನೀರು ಕುಡಿದರೆ ಪ್ರಯೋಜನವಿಲ್ಲ. ಪೊರೆ ಕಾಣದಂತಾದರೂ ಹೇಳಿದಷ್ಟು ದಿನ ಮುಂದುವರಿಸಬೇಕು.

• ಸೋಂಕು ಹೆಚ್ಚಿದ್ದರೆ ಫ್ಲುಕೊನಜೋಲ್ ಮಾತ್ರೆ ಕೊಡಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಔಷಧಗಳ ಜೊತೆ ಅದು ತೊಂದರೆ ಮಾಡಬಲ್ಲದು. ಗರ್ಭಿಣಿಯರೂ ಅದನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು. ಅಂಗಡಿಯಿಂದ ನೇರವಾಗಿ ಕೊಂಡು ನುಂಗುವ ಮಾತ್ರೆ ಅದಲ್ಲ.

• ಮಜ್ಜಿಗೆ, ಎಳನೀರು ಕುಡಿದರೆ ಬಾಯಿಗೆ ಹಿತ ಎನಿಸಬಹುದು. ಅದು ಚಿಕಿತ್ಸೆಯ ಬದಲಿಯಲ್ಲ.

• ಹಸುಗೂಸಿನ ಬಾಯಿಗೆ ಜೇನುತುಪ್ಪವನ್ನಾಗಲಿ ಬೋರಾಕ್ಸ್ ಸೇರಿಸಿದ ಗ್ಲಿಸರಿನ್ ಅನ್ನಾಗಲಿ ಸವರಬಾರದು. ಬೋರಾಕ್ಸ್ ಶಿಶುಗಳಿಗೆ ವಿಷ. ಜೇನಿನಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಹೇಜನ್ ಡಬ್ಬಿ ಮೀನಿನಲ್ಲಿ ಬೆನ್ನಟ್ಟಿದ್ದು ಇದೇ ರೋಗವನ್ನು. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಬೇಡ.

• ಆಸ್ತಮಾಕ್ಕೆ ಸ್ಟೀರಾಯ್ಡ್ ಇನ್ಹೇಲರ್ ಬಳಸುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಬೇಕು. ಕಟ್ಟಿಸಿದ ಹಲ್ಲಿನ ಸೆಟ್ ಇದ್ದವರು ರಾತ್ರಿ ಅದನ್ನು ತೆಗೆದು ಶುಚಿಯಾಗಿಡಬೇಕು.

• ನುಂಗುವಾಗ ನೋವಾದರೆ, ಚಿಕಿತ್ಸೆಯ ನಂತರವೂ ಹೋಗದಿದ್ದರೆ ಅಥವಾ ಕಾರಣವಿಲ್ಲದೆ ಮತ್ತೆ ಮತ್ತೆ ಬಂದರೆ ತಡಮಾಡಬಾರದು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಅಥವಾ ಎಚ್‌ಐವಿಯಂಥ, ರೋಗನಿರೋಧಕ ಶಕ್ತಿ ಕುಗ್ಗಿಸುವ ತೊಂದರೆಯ ಮೊದಲ ಸೂಚನೆ ಅದಾಗಿರಬಹುದು. ಒರೆಸಿದರೂ ಹೋಗದ ಬಿಳಿ ಮಚ್ಚೆ ಎರಡು ವಾರ ದಾಟಿದರೆ, ಅದರಲ್ಲೂ ತಂಬಾಕು ಜಗಿಯುವವರಲ್ಲಿ, ಪರೀಕ್ಷೆ ಮಾಡಿಸಲೇಬೇಕು.

ಎಲ್ಲಕ್ಕಿಂತ ಸುಲಭವಾದ ಮುನ್ನೆಚ್ಚರಿಕೆ, ಬೇಡದ ಕಡೆ ಆ್ಯಂಟಿಬಯೋಟಿಕ್ ತೆಗೆದುಕೊಳ್ಳದಿರುವುದು. ನೆಗಡಿ, ಫ್ಲೂ ಮತ್ತು ಹೆಚ್ಚಿನ ಗಂಟಲು ನೋವುಗಳು ವೈರಸ್‌ನಿಂದ ಬರುತ್ತವೆ. ಅವಕ್ಕೆ ಆ್ಯಂಟಿಬಯೋಟಿಕ್‌ನಿಂದ ಏನೂ ಆಗುವುದಿಲ್ಲ, ಆದರೆ ನಮ್ಮ ಬಾಯಿ ಮತ್ತು ಕರುಳಿನ ಬ್ಯಾಕ್ಟೀರಿಯಾಗಳು ಮಾತ್ರ ವೃಥಾ ಸಾಯುತ್ತವೆ. ಕಳೆದ ಸಲ ಉಳಿದ ನಾಲ್ಕು ಮಾತ್ರೆಗಳನ್ನು ಡಬ್ಬಿಯಿಂದ ತೆಗೆದು ನುಂಗುವ ಮೊದಲು ಇಷ್ಟನ್ನು ಯೋಚಿಸಿದರೆ ಸಾಕು. ಬೇಕಾದಾಗ ಆ್ಯಂಟಿಬಯೋಟಿಕ್ ಜೀವ ಉಳಿಸುತ್ತದೆ. ಅದರ ಬೆನ್ನಿಗೆ ಥ್ರಷ್ ಬಂದರೂ ಹೆದರಬೇಕಿಲ್ಲ, ಏಳು ದಶಕಗಳಿಂದ ಅದಕ್ಕೆ ಮದ್ದಿದೆ.